ಉಪ್ಪಾಗೆ ತಾನೆ, ಏನಾಗಲ್ಲ ತಗೋ

ಮೊನ್ನೆ ಊರಿಂದ ದೊಡ್ಡಪ್ಪನ ಮಗ ಬಂದಿದ್ದ. ಬರುವಾಗ ಆಯಿ ಕೊಟ್ಟು ಕಳಿಸಿದ ಚೀಲ ತಂದಿದ್ದ. ಹಲಸಿನ ಹಪ್ಪಳ, ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದಷ್ಟು ಸುಲಿದ ತೆಂಗಿನಕಾಯಿ (ಬೆಂಗಳೂರಲ್ಲಿ ತೆಂಗಿನಕಾಯಿ ಸಿಗುತ್ತೆ ಅಂತ ಆಯಿಗೆ ಇವತ್ತಿಗೂ ನಂಬಿಕೆ ಬಂದಿಲ್ಲ), ಎಲ್ಲದರ ಅಡಿಗೆ ಹಳೇ ಪೇಪರಿನಲ್ಲಿ ಕಟ್ಟಿದ ಸಣ್ಣದೊಂದು ಪೊಟ್ಟಣ. ಬಿಚ್ಚುವ ಮೊದಲೇ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ಉಪ್ಪಾಗೆ ಸಿಪ್ಪೆ!

ಪೊಟ್ಟಣ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ ನಿಂತಿದ್ದೆ. ನಾಲ್ಕೈದು ವರ್ಷದಿಂದ ಬರೆಯಬೇಕು ಅಂದುಕೊಂಡು ಮುಂದೆ ಹಾಕುತ್ತಾ ಬಂದ ಒಂದು ವಿಷಯ ಇದೆ. ನನ್ನ ತಪ್ಪೂ ಅದರಲ್ಲಿ ಇರೋದ್ರಿಂದ ಕೈ ಓಡುತ್ತಿರಲಿಲ್ಲ. ಇವತ್ತು ಬರೆದುಬಿಡ್ತೀನಿ.

ಮೊದಲು ಉಪ್ಪಾಗೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಶಿರಸಿ, ಸಿದ್ದಾಪುರದ ಕಡೆ ಕಾಡಿನಲ್ಲಿ ತಾನಾಗೇ ಬೆಳೆಯುವ ಮರ. ಮುರುಗಲು (ಕೋಕಂ) ಇದರ ಹತ್ತಿರದ ನೆಂಟ. ಕಾಯಿ ನೋಡಿದರೆ ಪುಟಾಣಿ ಸಿಹಿಗುಂಬಳದ ಹಾಗೆ, ಸುತ್ತ ಗೀರು ಗೀರು. ಹಣ್ಣಾದರೆ ಹಳದಿ. ಸಿಪ್ಪೆ ಎಂಥಾ ಹುಳಿ ಅಂದರೆ, ಬರೆಯುವಾಗಲೇ ಹಲ್ಲು ಚುಳ್ ಅಂತಿದೆ. ಮನೆಯಲ್ಲಿ ಹುಣಸೆಹಣ್ಣು ಮುಗಿದರೆ ಆಯಿ ಇದರ ಎರಡು ಚೂರು ಸಾರಿಗೆ ಹಾಕ್ತಿದ್ದಳು. ಬೀಜ ಅರೆದು ನೀರಲ್ಲಿ ಕುದಿಸಿದರೆ ಮೇಲೆ ತುಪ್ಪ ತೇಲುತ್ತೆ, ಅದು ಉಪ್ಪಾಗೆ ತುಪ್ಪ. ದೋಸೆಗೆ ಚೆನ್ನಾಗಿರುತ್ತೆ. ಕೇರಳದವರು ಮೀನಿನ ಸಾರಿಗೆ ಹಾಕುವ ಕುಡಂಪುಳಿ ಇದೇ. ಕೊಡಗಿನವರು ಹಂದಿಮಾಂಸಕ್ಕೆ ಹಾಕುವ ಕಪ್ಪನೆಯ ಕಾಚಂಪುಳಿಯೂ ಇದೇ ಜಾತಿಯ ಹಣ್ಣಿನ ರಸ ಕಾಯಿಸಿ ಮಾಡಿದ್ದು. ಸಸ್ಯಶಾಸ್ತ್ರದವರ ಹೆಸರು ಗಾರ್ಸೀನಿಯಾ ಗುಮ್ಮಿ-ಗುಟ್ಟಾ. ಹಳೆಯ ಹೆಸರು ಗಾರ್ಸೀನಿಯಾ ಕಾಂಬೋಜಿಯಾ. ಈ ಎರಡನೇ ಹೆಸರು ನೆನಪಿಟ್ಟುಕೊಳ್ಳಿ.

ನಾನು ಚಿಕ್ಕವನಿದ್ದಾಗ, ಅಂದರೆ ತೊಂಬತ್ತರ ದಶಕದ ನಡುವಿನಲ್ಲಿ, ಇದ್ದಕ್ಕಿದ್ದಂತೆ ಉಪ್ಪಾಗೆಗೆ ಎಲ್ಲಿಲ್ಲದ ಬೆಲೆ ಬಂತು. ಅಲ್ಲಿಯವರೆಗೆ ಬಿದ್ದಲ್ಲೇ ಕೊಳೆಯುತ್ತಿದ್ದ ಕಾಯಿಗೆ ಜನ ಜಗಳ ಆಡತೊಡಗಿದರು. ಇದು ಹಣ್ಣಾಗೋದು ಜೂನ್ ಜುಲೈಯಲ್ಲಿ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಬಿಸಿಲಿನ ಮುಖ ನೋಡದೆ ವಾರಗಟ್ಟಲೆ ಕಳೆಯುತ್ತೆ. ಹಾಗಾಗಿ ಒಣಗಿಸಲು ಬೆಂಕಿಯೇ ಗತಿ. ಬಿದಿರಿನ ತಟ್ಟಿಯ ಮೇಲೆ ಸಿಪ್ಪೆ ಹರವಿ ಅಡಿಯಲ್ಲಿ ಹಗಲೂ ರಾತ್ರಿ ಬೆಂಕಿ. ಒಂದು ಮೂಟೆ ಸಿಪ್ಪೆ ಒಣಗಿಸಲು ಎಷ್ಟು ಕಟ್ಟಿಗೆ ಸುಟ್ಟರೋ ಲೆಕ್ಕ ಇಟ್ಟವರಿಲ್ಲ. ಹಣ್ಣಾಗುವವರೆಗೆ ಕಾದರೆ ಬೇರೆಯವರ ಪಾಲಾಗುತ್ತೆ ಅಂತ ಎಳೆಕಾಯಿ ಇರುವಾಗಲೇ ಕೊಂಬೆ ಸಮೇತ ಕಡಿದು ತಂದವರೂ ಇದ್ದರು. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಗಂಡು ಮರ ಕಾಯಿ ಬಿಡಲ್ಲ ಅಂತ ಅದನ್ನೇ ಕಡಿದು ಒಲೆಗೆ ಹಾಕಿದ ಬುದ್ಧಿವಂತರ ಕಥೆಯನ್ನು ಅಪ್ಪ ನಗುನಗುತ್ತಾ ಹೇಳ್ತಿದ್ದ.

ನಾವು ಮಕ್ಕಳೂ ಹೆಕ್ಕಿದ್ದೇವೆ. ಜಿಗಣೆ ಕಚ್ಚಿಸಿಕೊಂಡು, ಕಂಬಳಿಕೊಪ್ಪೆ ಹಾಕ್ಕೊಂಡು. ಆ ದುಡ್ಡಲ್ಲಿ ನನಗೊಂದು ಕಂಪಾಸು ಪೆಟ್ಟಿಗೆ ಬಂದಿತ್ತು. ಪೇಟೆಯ ಸಾಹುಕಾರರು ಸಿಪ್ಪೆ ತಗೊಳ್ಳುವಾಗ ಒಂದೊಂದು ಮೂಟೆಗೂ ಕೈ ಹಾಕಿ, ಅಡಿಯಿಂದ ಒಂದು ಚೂರು ತೆಗೆದು ಮುರಿದು, ಮೂಸಿ, ಒಣಗಿದ್ದು ಸಾಲದು ಅಂತ ಎಷ್ಟೋ ಸಲ ವಾಪಸ್ ಕಳಿಸಿದ್ದರು. "ಇದನ್ನ ಯಾರು ತಿಂತ್ರು?" ಅಂತ ಅಪ್ಪನನ್ನ ಕೇಳಿದ್ದೆ. "ಅಮೆರಿಕಕ್ಕೆ ಹೋಗ್ತಡ. ಅಲ್ಲಿ ತೆಳ್ಳಗಾಗಲೆ ಮಾತ್ರೆ ಮಾಡ್ತ್ವಡ" ಅಂದಿದ್ದ. ನಮಗೆಲ್ಲ ನಗು. ದುಡ್ಡು ಕೊಟ್ಟು ತೆಳ್ಳಗಾಗೋದು ಅಂದರೇನು ಅಂತಲೇ ಆಗ ಅರ್ಥ ಆಗಿರಲಿಲ್ಲ.

ಈಗ 2019ಕ್ಕೆ ಬರ್ತೀನಿ.

ಚಿಕ್ಕಮ್ಮನ ಮಗಳು, ನನ್ನ ತಂಗಿ, ಆಗ ಬೆಂಗಳೂರಲ್ಲಿ ಕೆಲಸಕ್ಕಿದ್ದಳು. ವಾರಕ್ಕೊಮ್ಮೆ ಊಟಕ್ಕೆ ನಮ್ಮನೆಗೆ ಬರ್ತಿದ್ದಳು. ಮನೆಯಲ್ಲಿ ಜಾತಕ ತೋರಿಸಲು ಶುರು ಮಾಡಿದ್ದರು. ಒಂದು ಮನೆಯವರು ನೋಡಿ ಹೋದ ಮೇಲೆ ಮಧ್ಯಸ್ಥಿಕೆಯವರ ಹತ್ತಿರ "ಹುಡುಗಿ ಲಾಯ್ಕಿದ್ದು, ಸ್ವಲ್ಪ ದಪ್ಪ ಆತು" ಅಂದರಂತೆ. ಅವಳೇನೂ ಅಳಲಿಲ್ಲ. ಆದರೆ ನಮ್ಮನೆಗೆ ಬಂದರೆ ಅನ್ನ ಅರ್ಧ ಸೌಟು ಮಾತ್ರ ಹಾಕಿಸ್ಕೊಳ್ಳೋದು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತೋದು ಶುರುವಾಯ್ತು. ಒಂದು ಭಾನುವಾರ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಆನ್‌ಲೈನಲ್ಲಿ ತರಿಸಿದ್ದು. ಅರವತ್ತು ಕ್ಯಾಪ್ಸೂಲು. ಮೇಲೆ ಸೊಂಟಕ್ಕೆ ಟೇಪು ಸುತ್ತಿಕೊಂಡ ಹೆಂಗಸಿನ ಚಿತ್ರ, ಪಕ್ಕದಲ್ಲಿ ಹಸಿರು ಎಲೆ, ಹಳದಿ ಕಾಯಿ. ಗಾರ್ಸೀನಿಯಾ ಕಾಂಬೋಜಿಯಾ, ಶೇಕಡಾ 60 ಎಚ್‌ಸಿಎ.

"ಅಣ್ಣ, ತಗಂಡ್ರೆ ಎಂತಾದ್ರೂ ಆಗ್ತಾ?"

ನಾನು ಆ ಚಿತ್ರ ನೋಡಿ ಜೋರಾಗಿ ನಕ್ಕುಬಿಟ್ಟೆ. "ಇದು ನಮ್ಮ ಉಪ್ಪಾಗೆ ಅಲ್ದನೇ! ಉಪ್ಪಾಗೆ ತಾನೆ, ಏನಾಗಲ್ಲ ತಗೋ" ಅಂದೆ. ತೆಳ್ಳಗಾಗೋದು ಅನುಮಾನ, ದುಡ್ಡು ದಂಡ ಅಂತಲೂ ಹೇಳಿದೆ. ಆದರೆ ಅವಳು ಕೇಳಿದ್ದು ಅದಲ್ಲವಲ್ಲ. ಅವಳು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ "ಏನಾಗಲ್ಲ".

ಸುಮಾರು ಆರು ವಾರ ತಗೊಂಡಿರಬೇಕು. ಮೊದಲು ಸುಸ್ತು, ಊಟ ಸೇರದು, ವಾಕರಿಕೆ. ಹಸಿವಾಗ್ತಿಲ್ಲ, ಮಾತ್ರೆ ಕೆಲಸ ಮಾಡ್ತಿದೆ ಅಂತ ಅವಳು ಖುಷಿಯಾಗಿದ್ದಳಂತೆ! ಆಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅದನ್ನೂ ನೀರು ಕಡಿಮೆ ಕುಡಿದಿದ್ದಕ್ಕೆ ಅಂದುಕೊಂಡಳು. ಕೊನೆಗೆ ಆಫೀಸಿನಲ್ಲಿ ಯಾರೋ "ನಿನ್ನ ಕಣ್ಣು ಯಾಕೆ ಹಳದಿ?" ಅಂದಾಗ ಆಸ್ಪತ್ರೆಗೆ ಹೋದದ್ದು. ಎಸ್‌ಜಿಪಿಟಿ ನಲವತ್ತರ ಆಸುಪಾಸು ಇರಬೇಕಾದ್ದು ಸಾವಿರ ದಾಟಿತ್ತು. ಆರು ದಿನ ಆಸ್ಪತ್ರೆಯಲ್ಲಿ.

ಕಾಮಾಲೆ ಅಂದ ಕೂಡಲೇ ಡಾಕ್ಟರು ಹೆಪಟೈಟಿಸ್ ಎ, ಬಿ, ಸಿ, ಇ ಎಲ್ಲ ಪರೀಕ್ಷೆ ಮಾಡಿಸಿದರು. ಯಾವುದೂ ಇಲ್ಲ. ಸ್ಕ್ಯಾನಿಂಗಿನಲ್ಲಿ ಕಲ್ಲೂ ಇಲ್ಲ. "ಏನಾದ್ರೂ ಔಷಧಿ ತಗೊಳ್ತಿದ್ದೀರಾ?" ಅಂತ ಎರಡು ಸಲ ಕೇಳಿದರು. ಎರಡು ಸಲವೂ ಅವಳು ಇಲ್ಲ ಅಂದಳು. ಸುಳ್ಳು ಹೇಳಿದ್ದಲ್ಲ. ಅವಳ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ! ಮೂರನೇ ದಿನ ಇನ್ನೊಬ್ಬರು ಡಾಕ್ಟರು ಬಂದು, ಕುರ್ಚಿ ಎಳೆದುಕೊಂಡು ಕೂತು, "ಕಷಾಯ, ಪುಡಿ, ಜಿಮ್ಮಿನ ಪ್ರೋಟೀನು, ತೂಕ ಇಳಿಸೋದು, ಕೂದಲಿಗೆ ಅಂತ ಏನಾದ್ರೂ, ನೆನಪು ಮಾಡ್ಕೊಂಡು ಹೇಳಮ್ಮ" ಅಂದರು. ಅವಳು ನನ್ನ ಮುಖ ನೋಡಿದಳು. ನನಗೆ ಆ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಡಾಕ್ಟರು ಡಬ್ಬಿ ತರಿಸಿ ನೋಡಿದರು. ಇದೇ ಕಾರಣ ಅಂತ ನೂರಕ್ಕೆ ನೂರು ಹೇಳಕ್ಕಾಗಲ್ಲ, ಬೇರೆ ಕಾರಣಗಳನ್ನ ಒಂದೊಂದಾಗಿ ತೆಗೆದು ಹಾಕಿ ಉಳಿದದ್ದು ಇದು ಅಂದರು. ನಿಲ್ಲಿಸಿದ ಮೇಲೆ ರಕ್ತದ ಅಂಕಿಗಳು ಇಳಿಯುತ್ತಾ ಬಂದು ಎರಡು ತಿಂಗಳಲ್ಲಿ ಸರಿಹೋಯ್ತು. ಮತ್ತೆ ಇದನ್ನ ಜನ್ಮದಲ್ಲಿ ಮುಟ್ಟಬೇಡ ಅಂತ ಕೇಸ್ ಶೀಟಿನಲ್ಲೇ ಬರೆದುಕೊಟ್ಟರು. ಆಯಿ ಊರಿಂದ ಫೋನ್ ಮಾಡಿ, "ಅಟ್ಟದ ಮೇಲೆ ಇಪ್ಪ ಉಪ್ಪಾಗೆಗೆ ದುಡ್ಡು ಕೊಟ್ಟು ಕಾಯ್ಲೆ ತಗಂಡ್ಯನೇ ಕೂಸೆ?" ಅಂತ ಅತ್ತಳು.

ಅವಳು ಮನೆಗೆ ಬಂದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಮಾರುವವರು ಒಂದು ಊರಿನವರು, ತಯಾರಿಸಿದವರು ಇನ್ನೊಂದು ರಾಜ್ಯದವರು. ಮೂರನೇ ಸಲ ಸಿಕ್ಕಿದ ಹುಡುಗ ಬಹಳ ಮರ್ಯಾದೆಯಿಂದಲೇ ಮಾತಾಡಿದ. "ಸರ್, ಇದು ಮೆಡಿಸಿನ್ ಅಲ್ಲ ಸರ್, ಫುಡ್. ಲೇಬಲ್ಲಿನ ಮೇಲೆ ಬರೆದಿದೆ ನೋಡಿ." ನೋಡಿದೆ. ನಿಜ! ಔಷಧವಾಗಿ ಬಳಸಲು ಅಲ್ಲ ಅಂತ ಇರುವೆ ಸಾಲಿನ ಅಕ್ಷರದಲ್ಲಿ ಬರೆದಿತ್ತು. ಆಮೇಲೆ ತಿಳಿಯಿತು, ಹಾಗೆ ಬರೆಯಲೇಬೇಕು ಅಂತ ಕಾನೂನೇ ಇದೆ. ಗ್ರಾಹಕನ ಎಚ್ಚರಿಕೆಗೆ ಇಟ್ಟ ಸಾಲು, ಕೈ ತೊಳೆದುಕೊಳ್ಳಲೂ ಅದೇ ಸಾಲು.

ಅವತ್ತಿಂದ ನನಗೆ ಇದೊಂದು ಹುಚ್ಚು ಹಿಡಿಯಿತು. ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ಡಾಕ್ಟರಲ್ಲ, ವಕೀಲನೂ ಅಲ್ಲ. ಓದಿದ್ದರಲ್ಲಿ ಖಚಿತವಾದದ್ದನ್ನ ಮಾತ್ರ ಇಲ್ಲಿ ಹೇಳ್ತೀನಿ.

ಉಪ್ಪಾಗೆಯ ಹುಳಿ ಯಾವುದು ಅಂತ ಕಂಡುಹಿಡಿದವರು ಬೇರೆ ಯಾರೂ ಅಲ್ಲ, ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನವರು! ಅಲ್ಲಿಯ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ತೋರಿಸಿದರು. ಅದೇ ಎಚ್‌ಸಿಎ. ಆಮೇಲೆ ಅಮೆರಿಕದ ವಿಜ್ಞಾನಿಗಳು, ನಾವು ತಿಂದ ಹೆಚ್ಚಿನ ಪಿಷ್ಟ, ಸಕ್ಕರೆ ಕೊಬ್ಬಾಗುವ ದಾರಿಯಲ್ಲಿ ಕೆಲಸ ಮಾಡುವ ಒಂದು ಕಿಣ್ವವನ್ನು ಇದು ತಡೆಯುತ್ತೆ ಅಂತ ಕಂಡುಕೊಂಡರು. ಇಲಿಗಳಿಗೆ ಕೊಟ್ಟರು, ಇಲಿಗಳು ಕಡಿಮೆ ತಿಂದವು, ತೂಕವೂ ಕಡಿಮೆ ಏರಿತು. ಅಲ್ಲಿಂದ ಮನುಷ್ಯರಿಗೆ ಒಂದೇ ಜಿಗಿತ.

ಮನುಷ್ಯರ ಮೇಲೆ ಸರಿಯಾಗಿ ಮಾಡಿದ ದೊಡ್ಡ ಪರೀಕ್ಷೆ ಬಂದದ್ದು 1998ರಲ್ಲಿ, ಜಾಮಾ ಪತ್ರಿಕೆಯಲ್ಲಿ. ನ್ಯೂಯಾರ್ಕಿನಲ್ಲಿ 135 ಜನ, 12 ವಾರ. ಅರ್ಧ ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ಅದರಂತೆಯೇ ಕಾಣುವ ಖಾಲಿ ಮಾತ್ರೆ. ಇಬ್ಬರಿಗೂ ಒಂದೇ ಪಥ್ಯ. ಉಪ್ಪಾಗೆ ತಿಂದವರು ಸರಾಸರಿ 3.2 ಕಿಲೋ ಇಳಿದರು. ಖಾಲಿ ಮಾತ್ರೆಯವರು 4.1 ಕಿಲೋ! (ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ, ಹಾಗಾಗಿ ಖಾಲಿ ಮಾತ್ರೆ ಮಾರಲು ಹೊರಡಬೇಡಿ :)) ಅಂದರೆ ನಾವು ಜಿಗಣೆ ಕಚ್ಚಿಸಿಕೊಂಡು ಸಿಪ್ಪೆ ಹೆಕ್ಕುತ್ತಿದ್ದ ಕಾಲಕ್ಕೇ ಇದು ಕೆಲಸ ಮಾಡಲ್ಲ ಅಂತ ಗೊತ್ತಾಗುತ್ತಾ ಇತ್ತು. ವ್ಯಾಪಾರ ಮಾತ್ರ ನಿಲ್ಲಲಿಲ್ಲ. 2012ರಲ್ಲಿ ಅಮೆರಿಕದ ಟಿವಿ ಡಾಕ್ಟರ್ ಮೆಹ್ಮೆತ್ ಓಜ್ ಇದನ್ನ ಹಾಡಿ ಹೊಗಳಿದ ಮೇಲೆ ಮತ್ತೊಂದು ಸುತ್ತು ಹುಚ್ಚು ಹತ್ತಿತು. 2014ರಲ್ಲಿ ಅಲ್ಲಿಯ ಸೆನೆಟ್ ಸಮಿತಿ ಅವರನ್ನು ಕೂರಿಸಿಕೊಂಡು ಇಂಥ ಮಾತುಗಳ ಬಗ್ಗೆ ಚೆನ್ನಾಗಿಯೇ ತರಾಟೆಗೆ ತಗೊಂಡಿತು. 2025ರಲ್ಲಿ ಅದೇ ಓಜ್ ಅಲ್ಲಿಯ ಸರಕಾರಿ ಆರೋಗ್ಯ ವಿಮೆಗಳನ್ನು ನೋಡಿಕೊಳ್ಳುವ ಸಂಸ್ಥೆಯ ಮುಖ್ಯಸ್ಥರಾದರು. ಇರಲಿ.

ಕೆಲಸ ಮಾಡದಿದ್ದರೆ ದುಡ್ಡು ತಾನೆ ಹೋಗೋದು ಅಂತ ನಾನೂ ಅಂದುಕೊಂಡಿದ್ದೆ. ಹೈಡ್ರಾಕ್ಸಿಕಟ್ ಅಂತ ಅಮೆರಿಕದಲ್ಲಿ ಬಹಳ ಮಾರಾಟವಾಗುತ್ತಿದ್ದ ಮಾತ್ರೆ. ಅದರ ಹಲವು ನಮೂನೆಗಳಲ್ಲಿ ಗಾರ್ಸೀನಿಯಾವೂ ಇತ್ತು, ಬೇರೆ ಹತ್ತು ಹಲವು ಪದಾರ್ಥಗಳೂ ಇದ್ದವು. 2009ರ ಮೇ 1ರಂದು ಅಲ್ಲಿಯ ಎಫ್‌ಡಿಎ, ಇದನ್ನ ತಗೋಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ಅಷ್ಟರಲ್ಲಿ 23 ಗಂಭೀರ ದೂರುಗಳು ಬಂದಿದ್ದವು. ಕಾಮಾಲೆಯಿಂದ ಹಿಡಿದು ಲಿವರ್ ಕಸಿಯವರೆಗೆ, ಒಂದು ಸಾವು. ಮೊದಲ ದೂರು ಬಂದದ್ದು 2002ರಲ್ಲಿ. ಏಳು ವರ್ಷ ಯಾಕೆ ಬೇಕಾಯ್ತು ಅಂದರೆ, ಅಮೆರಿಕದ 1994ರ ಕಾನೂನಿನ ಪ್ರಕಾರ ಪೂರಕ ಆಹಾರ ಅಂತ ಕರೆದುಕೊಂಡ ವಸ್ತುವಿಗೆ ಮಾರುಕಟ್ಟೆಗೆ ಬರುವ ಮುನ್ನ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಅಪಾಯ ಇದೆ ಅಂತ ತೋರಿಸುವ ಹೊಣೆ ಸರಕಾರದ್ದು, ಅದೂ ಜನ ತಿಂದು ನೋಡಿದ ಮೇಲೆ.

ನಮ್ಮಲ್ಲಿ? ನಮ್ಮಲ್ಲಿ 1954ರ ಒಂದು ಕಾಯ್ದೆ ಇದೆ, ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಆಕ್ಟ್. ಇಂತಿಂಥ ಕಾಯಿಲೆ ವಾಸಿ ಮಾಡ್ತೀವಿ ಅಂತ ಔಷಧದ ಜಾಹೀರಾತು ಕೊಡಲೇಬಾರದು ಅಂತ ಅದರಲ್ಲೊಂದು ಪಟ್ಟಿ. ಆ ಪಟ್ಟಿಯಲ್ಲಿ ಬೊಜ್ಜೂ ಇದೆ! ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ಓದಿ ನನಗೆ ರೋಮಾಂಚನ ಆಯ್ತು, ಸಿಕ್ಕಿಬಿದ್ದರು ಅಂದುಕೊಂಡೆ. ಮುಂದೆ ಓದಿದರೆ, ಅದೇ ಕಾಯ್ದೆ ಔಷಧ ಅಂದರೇನು ಅಂತ ಹೇಳುವಾಗ, ದೇಹದ ಮೇಲೆ ಪರಿಣಾಮ ಮಾಡಲು ಕೊಡುವ ವಸ್ತುಗಳನ್ನೆಲ್ಲ ಸೇರಿಸಿ "ಆಹಾರವನ್ನು ಬಿಟ್ಟು" ಅಂದಿದೆ. ಫೋನಿನ ಹುಡುಗ "ಫುಡ್ ಸರ್" ಅಂದಿದ್ದು ಈ ಬಾಗಿಲಿಂದ.

ಆಹಾರ ಅಂದಮೇಲೆ ಅದು ಎಫ್‌ಎಸ್‌ಎಸ್‌ಎಐ ಕೆಳಗೆ ಬರುತ್ತೆ. ಪೂರಕಗಳಿಗೆ ಅಂತಲೇ 2016ರಲ್ಲಿ ನಿಯಮ ಮಾಡಿದರು, 2018ರ ಜನವರಿಯಿಂದ ಜಾರಿ. ಅದಕ್ಕೂ ಮೊದಲಿನ ಸ್ಥಿತಿಗಿಂತ ಎಷ್ಟೋ ಮೇಲು ಅನ್ನಿ. ಯಾವ ಸಸ್ಯ ಬಳಸಬಹುದು ಅನ್ನೋ ಪಟ್ಟಿ ಇದೆ, ಲೇಬಲ್ ಹೇಗಿರಬೇಕು ಅಂತ ಇದೆ. ಸುಳ್ಳು ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹತ್ತು ಲಕ್ಷದವರೆಗೆ ದಂಡವೂ ಇದೆ. ಆದರೆ ಪಟ್ಟಿಯಲ್ಲಿರುವ ಪದಾರ್ಥವನ್ನೇ ಹಾಕಿ ಮಾಡಿದರೆ ಪ್ರತಿಯೊಂದು ಡಬ್ಬಿಯ ಮಾತ್ರೆಯನ್ನೂ ಮನುಷ್ಯರ ಮೇಲೆ ಪರೀಕ್ಷಿಸಿ ತೋರಿಸಿ ಆಮೇಲೆ ಮಾರಿ ಅಂತಿಲ್ಲ. ಲೈಸೆನ್ಸ್ ಬೇಕು, ಅದರ ಹದಿನಾಲ್ಕು ಅಂಕಿ ಡಬ್ಬಿಯ ಮೇಲಿರುತ್ತೆ. ತಂಗಿ ಆ ಅಂಕಿ ನೋಡಿ ಸರಕಾರ ಪರೀಕ್ಷೆ ಮಾಡಿದೆ ಅಂದುಕೊಂಡಿದ್ದಳು. ಬೀದಿಯಲ್ಲಿ ಖಾರಾ ಮಾರುವವರ ಪೊಟ್ಟಣದ ಮೇಲೂ ಅಂಥದೇ ಅಂಕಿ ಇರುತ್ತೆ.

ಡಬ್ಬಿಯ ಮೇಲೆ ಬರೆದಿದ್ದೇ ಒಳಗಿದೆ ಅಂತಲೂ ಇಲ್ಲ. ಸಿಬುಟ್ರಮಿನ್ ಅಂತ ಒಂದು ಹಸಿವು ಇಳಿಸುವ ಮಾತ್ರೆ ಇತ್ತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚು ಅಂತ ಗೊತ್ತಾಗಿ 2010ರಲ್ಲಿ ಯುರೋಪು, ಅಮೆರಿಕ ಎರಡೂ ಕಡೆ ಮಾರುಕಟ್ಟೆಯಿಂದ ಹೋಯ್ತು, 2011ರಲ್ಲಿ ನಮ್ಮಲ್ಲೂ ನಿಷೇಧ. ಆಮೇಲೆ ಅದು ಎಲ್ಲಿ ಸಿಕ್ಕಿತು ಗೊತ್ತಾ? ಅಪ್ಪಟ ಗಿಡಮೂಲಿಕೆ ಅಂತ ಮಾರುವ ಕ್ಯಾಪ್ಸೂಲುಗಳ ಒಳಗೆ! ಎಫ್‌ಡಿಎ ವರ್ಷ ವರ್ಷ ಅಂಥವನ್ನು ಹಿಡಿದು ಹೆಸರು ಪ್ರಕಟಿಸುತ್ತಿದೆ. ಹಾಗಾಗಿ "ನಂಗೆ ಆ ಹರ್ಬಲ್ ಮಾತ್ರೆ ಭಾರಿ ಕೆಲಸ ಮಾಡ್ತು" ಅಂತ ಯಾರಾದರೂ ಅಂದರೆ ನನಗೆ ಈಗ ಹೆಚ್ಚು ಹೆದರಿಕೆ ಆಗುತ್ತೆ. ತಂಗಿಯ ಡಬ್ಬಿಯಲ್ಲೂ ಉಪ್ಪಾಗೆಯೇ ಇತ್ತೋ, ಇನ್ನೇನಾದರೂ ಸೇರಿತ್ತೋ, ನಾವು ಪರೀಕ್ಷೆ ಮಾಡಿಸಲಿಲ್ಲ. ಆಸ್ಪತ್ರೆಯ ಗಡಿಬಿಡಿಯಲ್ಲಿ ಡಬ್ಬಿ ಎಲ್ಲೋ ಹೋಯ್ತು. ಇಟ್ಟುಕೊಳ್ಳಬೇಕಿತ್ತು. ಇಂಥದ್ದಾದರೆ ತಿಳಿಸಲು ಕೇಂದ್ರ ಸರಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಿಂದಲೇ ಇದೆ, ಗಿಡಮೂಲಿಕೆಯಿಂದ ಆದದ್ದನ್ನೂ ಹೇಳಬಹುದು, ಉಚಿತ ನಂಬರು 1800-180-3024. ನಮಗೆ ಆಗ ಗೊತ್ತಿರಲಿಲ್ಲ. ನಮ್ಮ ಪಾಲಿನ ಒಂದು ದೂರು ಯಾವ ಲೆಕ್ಕಕ್ಕೂ ಸೇರದೆ ಹೋಯ್ತು.

ನನ್ನನ್ನ ಬಹಳ ದಿನ ಕಾಡಿದ್ದು ಇನ್ನೊಂದು ಪ್ರಶ್ನೆ. ತಲೆತಲಾಂತರದಿಂದ ತಿಂದ ಹುಳಿ, ನಮಗ್ಯಾರಿಗೂ ಏನೂ ಆಗದ್ದು ಇವಳಿಗೆ ಯಾಕೆ? ಒಂದು ಉತ್ತರ ಪ್ರಮಾಣದ್ದು. ಒಣಸಿಪ್ಪೆಯಲ್ಲಿ ಎಚ್‌ಸಿಎ ನೂರಕ್ಕೆ ಹತ್ತರಿಂದ ಮೂವತ್ತು ಪಾಲು. ನಾವು ಹಾಕೋದು ಇಡೀ ಮನೆಯ ಸಾರಿಗೆ ಎರಡು ಚೂರು, ಅದೂ ಅಪರೂಪಕ್ಕೆ. ಕ್ಯಾಪ್ಸೂಲಿನಲ್ಲಿ ಅದನ್ನೇ ಹಿಂಡಿ ಗಟ್ಟಿ ಮಾಡಿ ಶೇಕಡಾ ಅರವತ್ತಕ್ಕೆ ತಂದು, ದಿನಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ಇನ್ನೊಂದು ಉತ್ತರ 2022ರಲ್ಲಿ ಸಿಕ್ಕಿತು. ಗಾರ್ಸೀನಿಯಾ ಇರುವ ಪೂರಕಗಳಿಂದ ಲಿವರ್ ಕೆಟ್ಟ 22 ಜನರನ್ನು ಅಮೆರಿಕದಲ್ಲಿ ಅಧ್ಯಯನ ಮಾಡಿದ್ದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದೇ ಬಗೆಯ ಜೀನು, ಎಚ್‌ಎಲ್‌ಎ-ಬಿ 35:01. ಸಾಮಾನ್ಯ ಜನರಲ್ಲಿ ಅದು ಅಷ್ಟು ಇರಲ್ಲ. ಅಂದರೆ ನೂರಾರು ಜನ ತಿಂದು ಅರಗಿಸಿಕೊಂಡಿದ್ದು ಯಾರೋ ಒಬ್ಬರಿಗೆ ಹೊಡೆಯುತ್ತೆ, ಯಾರಿಗೆ ಅಂತ ಮೊದಲೇ ಹಣೆಯಲ್ಲಿ ಬರೆದಿರಲ್ಲ. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಅನ್ಸೆಸ್, ಗಾರ್ಸೀನಿಯಾ ಇರುವ ಪೂರಕಗಳನ್ನು ಯಾರೂ ತಗೋಬೇಡಿ ಅಂತಲೇ ಹೇಳಿತು. ನಮ್ಮಲ್ಲಿ ಈಗಲೂ ಫೋನಿನಲ್ಲಿ ಎರಡು ಸಲ ಒತ್ತಿದರೆ ಮನೆ ಬಾಗಿಲಿಗೆ ಬರುತ್ತೆ.

ಈ ಜೀನಿನ ವಿಷಯ ಓದಿದ ದಿನ ತಂಗಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳಿಗೆ ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. (ದಪ್ಪ ಅಂದವರ ಮನೆಗಲ್ಲ!) ಪೂರ್ತಿ ಕೇಳಿಸಿಕೊಂಡು, "ಅಣ್ಣ, ಮೂರು ವರ್ಷದಿಂದ ಇದನ್ನೇ ಓದ್ತಾ ಇದ್ಯಲಾ, ನಾನೆಂತ ನಿನ್ನ ಬೈದಿದ್ನಾ?" ಅಂದಳು. ಇಲ್ಲ, ಒಂದು ದಿನವೂ ಬೈದಿಲ್ಲ.

ಆಯಿ ಕಳಿಸಿದ ಪೊಟ್ಟಣ ಅಡುಗೆಮನೆಯ ಡಬ್ಬಿಗೆ ಹಾಕಿಟ್ಟಿದ್ದೇನೆ. ಒಂದು ಚೂರು ಮುರಿದು ನೋಡಿದೆ, ಚೆನ್ನಾಗಿ ಒಣಗಿದೆ. ಮುಂದಿನ ತಿಂಗಳು ತಂಗಿ, ಭಾವ ಬರ್ತಾರಂತೆ. ಅವಳಿರುವಷ್ಟು ದಿನ ಸಾರಿಗೆ ಹುಣಸೆಹಣ್ಣನ್ನೇ ಹಾಕು ಅಂತ ನನ್ನ ಹೆಂಡತಿಗೆ ಈಗಲೇ ಹೇಳಿಟ್ಟಿದ್ದೇನೆ.